ಅಲರ್ಜಿಗೆ ಹೆಸರಿಟ್ಟ ಮಕ್ಕಳ ವೈದ್ಯ: ಕ್ಲೆಮೆನ್ಸ್ ಪಿರ್ಕೆ

ಕೆಲವು ಮಾತುಗಳು ಬಹು ದೂರದಿಂದ ಬಂದು ನಮ್ಮ ಅಡಿಗೆಮನೆಯಲ್ಲಿ ನೆಲೆಸಿಬಿಡುತ್ತವೆ. ಅಲರ್ಜಿ ಎಂಬುದು ಅಂಥ ಮಾತು. ಶ್ರೀರಂಗಪಟ್ಟಣದ ಗದ್ದೆಬಯಲಿನಲ್ಲಾಗಲಿ, ಪಾಂಡವಪುರದ ಆಲೆಮನೆಗಳ ಬಳಿಯಲ್ಲಾಗಲಿ, ಕೃಷ್ಣರಾಜಪೇಟೆಯ ಸಂತೆಯಲ್ಲಾಗಲಿ, ನಾಗಮಂಗಲದ ಬೆದ್ದಲು ಸೀಮೆಯಲ್ಲಾಗಲಿ, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ವೈದ್ಯರ ಬಾಗಿಲಿಗೆ ಬಂದ ತಾಯಿ ಈ ಮಾತನ್ನು ಹುಟ್ಟಾ ಕನ್ನಡವೆಂಬಂತೆಯೇ ಆಡುತ್ತಾಳೆ. ಧೂಳು ಅಲರ್ಜಿ, ಹೊಗೆ ಅಲರ್ಜಿ, ಬದನೆಕಾಯಿ ಅಲರ್ಜಿ. ಹಿಂದೆ ಇದನ್ನೇ ನಂಜು ಎನ್ನುತ್ತಿದ್ದರು. ಮೈಗೆ ಒಗ್ಗದು, ಆಗಿಬರದು ಎನ್ನುತ್ತಿದ್ದರು. ದದ್ದು ಎದ್ದರೆ ಪಿತ್ತದ ಗಂಧೆಯೆಂದು ಕಂಬಳಿ ಹೊದಿಸಿ ಕೂರಿಸುತ್ತಿದ್ದರು. ಉಸಿರು ಕಟ್ಟಿದರೆ ಗೂರಲು ಎನ್ನುತ್ತಿದ್ದರು. ಬೇರೆ ಬೇರೆ ಹೆಸರಿನ ಈ ಕಾಟಗಳೆಲ್ಲ ಒಂದೇ ಬೇರಿನವು ಎಂಬ ತಿಳಿವಳಿಕೆ ನಮ್ಮ ಹಳ್ಳಿಗರಿಗೆ ಇರಲಿಲ್ಲವೆಂದು ನಗುವಂತಿಲ್ಲ. ಯೂರೋಪಿನ ದೊಡ್ಡ ವೈದ್ಯರಿಗೂ ಇರಲಿಲ್ಲ. ಆ ತಿಳಿವಳಿಕೆಯೂ ಆ ಹೆಸರೂ ಹುಟ್ಟಿದ್ದು 1906ರಲ್ಲಿ, ವಿಯೆನ್ನ ನಗರದ ಮಕ್ಕಳ ಆಸ್ಪತ್ರೆಯೊಂದರಲ್ಲಿ, 32 ವರ್ಷದ ವೈದ್ಯನೊಬ್ಬನ ಲೇಖನಿಯಿಂದ. ಆತನ ಹೆಸರು ಕ್ಲೆಮೆನ್ಸ್ ಫಾನ್ ಪಿರ್ಕೆ. ಮಾತು ಮನೆಮಾತಾಯಿತು, ಮಾತು ಕೊಟ್ಟವನ ಹೆಸರು ಮರೆಯಿತು.

ವಿಯೆನ್ನಕ್ಕೂ ನಮ್ಮ ಸೀಮೆಗೂ ಇರುವ ನಂಟು ಮಾತ್ರ ಪಿರ್ಕೆಗಿಂತ ಹಳೆಯದು. ಎಡ್ವರ್ಡ್ ಜೆನ್ನರ್ 1798ರಲ್ಲಿ ತನ್ನ ಗೋಸಿಡುಬಿನ ಪ್ರಯೋಗಗಳನ್ನು ಪ್ರಕಟಿಸಿದ ಮೇಲೆ ಆ ಕೀವನ್ನು ಹಿಂದೂಸ್ಥಾನಕ್ಕೆ ತರಿಸಬೇಕೆಂದು ಕಂಪೆನಿ ಸರ್ಕಾರ ಹವಣಿಸಿತು. ಹಡಗಿನಲ್ಲಿ ತಿಂಗಳುಗಟ್ಟಲೆ ಬಿಸಿಲಲ್ಲಿ ಬಂದ ಕೀವು ದಾರಿಯಲ್ಲೇ ಸತ್ತುಹೋಗುತ್ತಿತ್ತು. ಕಡೆಗೆ ವಿಯೆನ್ನದಲ್ಲಿದ್ದ ಜ್ಯಾನ್ ದ ಕಾರೋ ಎಂಬ ವೈದ್ಯ ಅದನ್ನು ನೆಲದ ದಾರಿಯಲ್ಲಿ ಕಳುಹಿಸಿದನು. ಬಾಗ್ದಾದ್, ಬಸ್ರಾಗಳನ್ನು ದಾಟಿ, ಮಕ್ಕಳ ತೋಳಿನಿಂದ ತೋಳಿಗೆ ಹತ್ತಿಸಿಕೊಳ್ಳುತ್ತ, ಅದು ಮುಂಬಯಿಗೆ ಬಂದಿತು. 1802ರ ಜೂನ್ 14ರಂದು ಅಲ್ಲಿ ಮೂರು ವರ್ಷದ ಆನಾ ಡಸ್ಟ್‌ಹಾಲ್ ಎಂಬ ಹುಡುಗಿಗೆ ಅದು ಕಚ್ಚಿತು. ಈ ದೇಶದಲ್ಲಿ ಯಶಸ್ವಿಯಾಗಿ ಹಾಕಿದ ಮೊದಲ ದಾಕು ಅದು. ಅಲ್ಲಿಂದ ಮುಂದೆ ಮೈಸೂರಿಗೂ ಬಂದಿತು. ದಿವಾನ್ ಪೂರ್ಣಯ್ಯನವರ ಆಡಳಿತದ ಕಾಲ ಅದು. ಥಾಮಸ್ ಹಿಕಿ 1805ರಲ್ಲಿ ಬರೆದ ಮೈಸೂರು ರಾಣಿಯರ ಚಿತ್ರದಲ್ಲಿ ಒಬ್ಬಾಕೆ ಸೆರಗು ಸರಿಸಿ ತೋಳನ್ನು ತೋರುತ್ತಿರುವುದು ದಾಕಿನ ಗುರುತನ್ನು ಪ್ರಜೆಗಳಿಗೆ ಕಾಣಿಸುವುದಕ್ಕೇ ಎಂದು ಇತಿಹಾಸಕಾರರು ಅರ್ಥಮಾಡಿದ್ದಾರೆ. ಆ ಗುರುತಿನ ಮೂಲ ಹುಡುಕಿ ಹೋದರೆ ವಿಯೆನ್ನ ಸಿಗುತ್ತದೆ. ಒಂದು ಶತಮಾನ ಕಳೆದ ಮೇಲೆ ಅದೇ ನಗರದಲ್ಲಿ ಇನ್ನೊಬ್ಬನು ಅದೇ ಗುರುತನ್ನು, ಮಕ್ಕಳ ತೋಳಿನ ಮೇಲೆ, ದಿನದಿನವೂ ಅಳತೆಪಟ್ಟಿ ಹಿಡಿದು ನೋಡುತ್ತ ಕುಳಿತನು. ಜೆನ್ನರನೂ ನೋಡಿ ಬಿಟ್ಟುಬಿಟ್ಟಿದ್ದ ಒಂದು ಸಂಗತಿ ಅಲ್ಲಿ ಅವನಿಗೆ ಸಿಕ್ಕಿತು.

ಪಿರ್ಕೆ ಹುಟ್ಟಿದ್ದು 1874ರ ಮೇ 12ರಂದು, ವಿಯೆನ್ನದ ಹತ್ತಿರದ ಹಿರ್ಷ್‌ಸ್ಟೆಟನ್ ಎಂಬ ಊರಿನ ಜಮೀನ್ದಾರಿ ಮನೆತನದಲ್ಲಿ. ತಂದೆ ರಾಜಕಾರಣದಲ್ಲಿದ್ದವನು, ತಾಯಿ ದೈವಭಕ್ತೆ. ಮಗನು ಪಾದ್ರಿಯಾಗಬೇಕೆಂಬುದು ಮನೆಯ ಆಸೆ. ಅದರಂತೆ ಇನ್ಸ್‌ಬ್ರುಕ್ಕಿನಲ್ಲಿ ದೇವತಾಶಾಸ್ತ್ರವನ್ನೂ ಬೆಲ್ಜಿಯಮ್ಮಿನ ಲೂವೆಯ್ನ್ ವಿಶ್ವವಿದ್ಯಾನಿಲಯದಲ್ಲಿ ತತ್ತ್ವಶಾಸ್ತ್ರವನ್ನೂ ಓದಿ, ಆಮೇಲೆ ಆ ದಾರಿಯನ್ನು ಬಿಟ್ಟು ವೈದ್ಯಕ್ಕೆ ಬಂದನು. ಮನೆಯವರಿಗೆ ಇದು ನಿರಾಶೆಯನ್ನೇ ತಂದಿತು. ದೊಡ್ಡ ಮನೆತನದ ಹುಡುಗ ರೋಗಿಗಳ ಮಧ್ಯೆ, ಅದರಲ್ಲಿಯೂ ಬಡವರ ಮಕ್ಕಳ ಮಧ್ಯೆ ಬಾಳುವುದು ಆಗಿನ ಕಾಲಕ್ಕೆ ಗೌರವದ ಕೆಲಸವೆನಿಸಿರಲಿಲ್ಲ. ಈ ಮನೆಯಲ್ಲಿ ಲೆಕ್ಕಾಚಾರದ ಹುಚ್ಚು ಮಾತ್ರ ರಕ್ತದಲ್ಲೇ ಇದ್ದಂತೆ ಕಾಣುತ್ತದೆ. ಈತನ ತಮ್ಮ ಗೀಡೋ ಪಿರ್ಕೆ ರಾಕೆಟ್ಟುಗಳು ಗ್ರಹಗಳಿಗೆ ಹೋಗುವ ದಾರಿಯನ್ನು ಗಣಿತದಿಂದ ಕಟ್ಟಿ ಹೆಸರಾದವನು. ಅಣ್ಣನ ಗಣಿತ ತೊಟ್ಟಿಲಿನ ಸುತ್ತಲೇ ಸುತ್ತಿತು.

1900ರಲ್ಲಿ ಗ್ರಾಟ್ಸ್‌ನಲ್ಲಿ ವೈದ್ಯಪದವಿ ಪಡೆದ ಪಿರ್ಕೆಗೆ ಅಲ್ಲಿ ಸಿಕ್ಕ ಗುರು ಟೇಯೊಡೋರ್ ಎಷರಿಷ್. ಶಿಶುಗಳ ಕರುಳಿನಲ್ಲಿರುವ ಒಂದು ಸೂಕ್ಷ್ಮಜೀವಿಯನ್ನು 1885ರಲ್ಲಿ ಗುರುತಿಸಿ, ಅದಕ್ಕೆ ತನ್ನ ಹೆಸರೇ ಅಂಟಿಕೊಳ್ಳುವಂತೆ ಮಾಡಿದವನು ಈತ; ಇಂದು ಕುಡಿಯುವ ನೀರಿನ ಪರೀಕ್ಷೆಯಲ್ಲೆಲ್ಲ ಕೇಳಿಬರುವ ಇ. ಕೋಲಿಯ ಇ ಅಕ್ಷರ ಎಷರಿಷನದು. 1902ರಲ್ಲಿ ಗುರು ವಿಯೆನ್ನಕ್ಕೆ ಬಂದನು. ಶಿಷ್ಯನೂ ಅಲ್ಲಿನ ಸೇಂಟ್ ಆನ್ ಮಕ್ಕಳ ಆಸ್ಪತ್ರೆಯಲ್ಲಿ ಸಹಾಯಕನಾದನು. ಪಕ್ಕದಲ್ಲಿ ಕೆಲಸಕ್ಕೆ ಕುಳಿತವನು ಹಂಗೇರಿಯಿಂದ ಬಂದ ಬೇಲಾ ಷಿಕ್. ಈ ಇಬ್ಬರು ಯುವಕರ ಜೋಡಿ ಮಕ್ಕಳ ವೈದ್ಯದ ಚರಿತ್ರೆಯಲ್ಲಿ ಅಪರೂಪದ್ದು.

ಆ ಕಾಲದ ಮಕ್ಕಳ ಆಸ್ಪತ್ರೆ ಎಂದರೆ ಏನೆಂಬುದನ್ನು ಇಂದಿನ ಓದುಗರು ಸ್ವಲ್ಪ ಕಲ್ಪಿಸಿಕೊಳ್ಳಬೇಕು. ಗಂಟಲುಮಾರಿಯಿಂದ ಉಸಿರು ಕಟ್ಟಿ ಮಕ್ಕಳು ಸಾಯುತ್ತಿದ್ದರು. ಕುದುರೆಗೆ ಗಂಟಲುಮಾರಿಯ ವಿಷವನ್ನು ಸ್ವಲ್ಪಸ್ವಲ್ಪವೇ ಚುಚ್ಚಿ ಪಳಗಿಸಿ, ಅದರ ರಕ್ತದ ಸೀರಂ ತೆಗೆದು ಮಗುವಿಗೆ ಚುಚ್ಚುವ ಚಿಕಿತ್ಸೆ ಆಗ ಹೊಸದಾಗಿ ಬಂದಿತ್ತು. ಅದನ್ನು ಕಂಡುಹಿಡಿದ ಬೇರಿಂಗನಿಗೆ 1901ರಲ್ಲಿ ವೈದ್ಯಕ್ಕೆ ಮೀಸಲಾದ ಮೊಟ್ಟಮೊದಲ ನೊಬೆಲ್ ಪಾರಿತೋಷಕವೇ ಸಂದಿತ್ತು. ಮಕ್ಕಳು ಬದುಕಿಕೊಂಡರು. ಆದರೆ ಬದುಕಿಕೊಂಡ ಮಕ್ಕಳಲ್ಲಿ ಕೆಲವರಿಗೆ ವಾರ ಹತ್ತು ದಿನ ಕಳೆದ ಮೇಲೆ ಜ್ವರ ಬರುವುದು, ಮೈತುಂಬ ದದ್ದು ಏಳುವುದು, ಗಂಟುಗಳು ಬಾತು ಕೀಲು ನೋಯುವುದು. ಇದು ಔಷಧದ ದೋಷವೆಂದು ಹಲವರು ತಳ್ಳಿಹಾಕಿದರು. ಪಿರ್ಕೆ ಮತ್ತು ಷಿಕ್ ತಳ್ಳಿಹಾಕಲಿಲ್ಲ. ಹಾಸಿಗೆ ಹಾಸಿಗೆಗೂ ಹೋಗಿ, ಯಾವ ಮಗುವಿಗೆ ಯಾವ ದಿನ ಚುಚ್ಚಿದ್ದು, ಎಷ್ಟನೆಯ ದಿನ ದದ್ದು ಎದ್ದದ್ದು, ಹಿಂದೆ ಎಂದಾದರೂ ಚುಚ್ಚಿಸಿಕೊಂಡಿತ್ತೇ ಎಂದು ಬರೆದಿಟ್ಟುಕೊಂಡರು. ಬರೆದಿಟ್ಟ ಆ ಪಟ್ಟಿಯಲ್ಲಿ ಒಂದು ನಿಯಮ ಎದ್ದು ಕಂಡಿತು. ಮೊದಲ ಸಲ ಚುಚ್ಚಿಸಿಕೊಂಡ ಮಗುವಿಗೆ ಕಾಯಿಲೆ ಕಾಣುವುದು ಸುಮಾರು 8ರಿಂದ 12 ದಿನಗಳ ಮೇಲೆ. ಎರಡನೆಯ ಸಲ ಚುಚ್ಚಿಸಿಕೊಂಡ ಮಗುವಿಗಾದರೋ ಕೆಲವು ಗಂಟೆಗಳಲ್ಲೇ, ಒಮ್ಮೊಮ್ಮೆ ಚುಚ್ಚಿದ ಕೂಡಲೇ.

ಈ ಸಣ್ಣ ಲೆಕ್ಕದಲ್ಲಿ ಏನಿದೆಯೆಂದು ತೋರಬಹುದು. ರೋಗಾಣು ಮೈಯನ್ನು ಹೊಕ್ಕ ದಿನಕ್ಕೂ ರೋಗ ಕಾಣಿಸುವ ದಿನಕ್ಕೂ ನಡುವೆ ಇರುವ ಅಡಗುಕಾಲಕ್ಕೆ ಆಗಿನ ವಿದ್ವಾಂಸರು ಕೊಡುತ್ತಿದ್ದ ಕಾರಣ, ರೋಗಾಣು ಅಷ್ಟು ದಿನದಲ್ಲಿ ಮರಿಮಾಡಿ ಹೆಚ್ಚುತ್ತದೆ ಎಂಬುದು. ಕುದುರೆಯ ಸೀರಂ ಮರಿಮಾಡುವುದಿಲ್ಲ. ಅದರಲ್ಲಿ ಜೀವವೇ ಇಲ್ಲ. ಆದರೂ ಅದು ಹತ್ತು ದಿನ ಕಾಯುತ್ತದೆ. ಹಾಗಾದರೆ ಕಾಯುತ್ತಿರುವುದು ಸೀರಂ ಅಲ್ಲ, ಮಗುವಿನ ಮೈ. ಆ ಹತ್ತು ದಿನದಲ್ಲಿ ಮೈ ತಾನೇ ಏನನ್ನೋ ಸಿದ್ಧಪಡಿಸಿಕೊಳ್ಳುತ್ತಿದೆ. ಸಿದ್ಧವಾದದ್ದು ಒಳಗಿನ ಪರಕೀಯ ವಸ್ತುವನ್ನು ಸಂಧಿಸಿದಾಗ ಹುಟ್ಟುವ ಕಲಹವೇ ರೋಗ. ಎರಡನೆಯ ಸಲ ಮೈ ಮೊದಲೇ ಸಿದ್ಧವಾಗಿರುವುದರಿಂದ ಕಾಯಬೇಕಾಗಿಲ್ಲ. 1903ರಲ್ಲಿ, ತನ್ನ 28ನೆಯ ವಯಸ್ಸಿನಲ್ಲಿ, ಪಿರ್ಕೆ ಈ ಯೋಚನೆಯನ್ನು ಕಾಗದದಲ್ಲಿ ಬರೆದು, ಲಕೋಟೆಯಲ್ಲಿಟ್ಟು ಮುದ್ರೆ ಹಾಕಿ, ವಿಯೆನ್ನದ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದನು. ಯೋಚನೆ ತನ್ನದೆಂಬುದಕ್ಕೆ ಸಾಕ್ಷಿ ಬೇಕು, ಆದರೆ ಸಾಧಿಸಿ ತೋರಿಸುವವರೆಗೆ ಬಾಯಿಬಿಡಬಾರದು. ಯುವಕನ ಅಳುಕೂ ಹಟವೂ ಆ ಲಕೋಟೆಯಲ್ಲಿ ಒಟ್ಟಿಗೆ ಇದ್ದುವು. ಸೀರಂ ರೋಗವನ್ನು ಕುರಿತು ಷಿಕ್‌ನೊಂದಿಗೆ ಬರೆದ ಪುಸ್ತಕ 1905ರಲ್ಲಿ ಹೊರಬಂದಿತು.

ದಾಕಿನ ಗುಳ್ಳೆಯೂ ಇದೇ ಕಥೆಯನ್ನು ಹೇಳಿತು. ಮೊದಲ ಸಲ ದಾಕು ಹಾಕಿಸಿಕೊಂಡ ಮಗುವಿನ ತೋಳಿನಲ್ಲಿ ಗುಳ್ಳೆಯ ಸುತ್ತ ಕೆಂಪು ವರ್ತುಲ ಹರಡಲು ವಾರಕ್ಕೂ ಮೇಲಾಗುತ್ತದೆ. ಮತ್ತೊಮ್ಮೆ ಹಾಕಿಸಿಕೊಂಡವರ ತೋಳು ಒಂದೇ ದಿನದಲ್ಲಿ ಕೆಂಪಾಗುತ್ತದೆ. ಪಿರ್ಕೆ ಅನೇಕ ಮಕ್ಕಳಲ್ಲಿ ಆ ಕೆಂಪಿನ ಅಗಲವನ್ನು ದಿನಕ್ಕೊಮ್ಮೆ ಅಳೆದು ರೇಖೆ ಬರೆದನು. ಎರಡನೆಯ ದಾಕಿನ ರೇಖೆ ಬೇಗ ಏರಿ ಬೇಗ ಇಳಿಯಿತು. ರಕ್ಷಣೆ ಬಂದಿದೆ ಎಂಬುದಕ್ಕೂ ಮೈ ಕೆರಳಿದೆ ಎಂಬುದಕ್ಕೂ ಗುರುತು ಒಂದೇ. ಇದು ಆಗಿನವರಿಗೆ ನುಂಗಲಾರದ ತುತ್ತು. ರೋಗದಿಂದ ಕಾಪಾಡುವ ಶಕ್ತಿಯೇ ರೋಗವನ್ನು ತರುವುದೆಂದರೆ ಕಾವಲುಗಾರನೇ ಕಳ್ಳನೆಂದಂತೆ ಆಯಿತು. ಇತ್ತ ಪ್ಯಾರಿಸ್ಸಿನಲ್ಲಿ ರಿಷೆ ಮತ್ತು ಪೊರ್ತ್ಯೇ ಎಂಬವರು 1902ರಲ್ಲಿಯೇ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಎರಡನೆಯ ಸಲದ ಅತ್ಯಲ್ಪ ವಿಷಕ್ಕೆ ನಾಯಿ ಸತ್ತುಬೀಳುವುದನ್ನು ಕಂಡಿದ್ದರು. ಅದಕ್ಕೆ ರಕ್ಷಣೆಗೆ ವಿರುದ್ಧವಾದದ್ದು ಎಂಬರ್ಥದ ಹೆಸರನ್ನಿಟ್ಟಿದ್ದರು. ಪಿರ್ಕೆಗೆ ಆ ಹೆಸರು ಒಪ್ಪಿಗೆಯಾಗಲಿಲ್ಲ. ವಿರುದ್ಧವಲ್ಲ, ಬೇರೆ, ಅಷ್ಟೆ. ಒಮ್ಮೆ ಪರಕೀಯ ವಸ್ತುವಿನ ಪರಿಚಯವಾದ ಮೈ ಮತ್ತೆ ಹಿಂದಿನ ಮೈಯಾಗಿ ಉಳಿಯುವುದಿಲ್ಲ, ಅದರ ವರ್ತನೆ ಬೇರೆಯಾಗುತ್ತದೆ. ಆ ಬೇರೆತನ ಒಳ್ಳೆಯದೂ ಆಗಬಹುದು ಕೆಟ್ಟದ್ದೂ ಆಗಬಹುದು. 1906ರ ಜುಲೈ 24ರ ಮ್ಯೂನಿಕ್ ವೈದ್ಯ ವಾರಪತ್ರಿಕೆಯಲ್ಲಿ ಅವನು ಒಂದು ಪುಟ್ಟ ಲೇಖನ ಬರೆದನು. ಗ್ರೀಕಿನಲ್ಲಿ ಬೇರೆ ಎಂಬರ್ಥದ ಅಲ್ಲೋಸ್, ಕೆಲಸ ಎಂಬರ್ಥದ ಎರ್ಗೋನ್, ಈ ಎರಡನ್ನೂ ಬೆಸೆದು ಅಲರ್ಜಿ ಎಂದನು. ಕೆರಳಿಸುವ ವಸ್ತುವಿಗೆ ಅಲರ್ಜನ್ ಎಂದನು. ಹುಲ್ಲಿನ ಪರಾಗದಿಂದ ಬರುವ ನೆಗಡಿ, ಜೇನು ಸೊಳ್ಳೆಗಳ ಕಡಿತ, ಕೆಲವರಿಗೆ ಏಡಿ ತಿಂದರೆ ಏಳುವ ಗಂಧೆ ಎಲ್ಲವನ್ನೂ ಅದೇ ಮಾಡಿನ ಕೆಳಗೆ ಕರೆದನು.

ಕರೆದವು ಬಂದುವು, ಆದರೆ ಮನೆಯ ಯಜಮಾನನನ್ನೇ ಹೊರಗಟ್ಟಿದುವು. ರಕ್ಷಣೆಯ ಅರ್ಧಭಾಗ ಮಾತಿನಿಂದ ಜಾರಿಹೋಗಿ, ಅಲರ್ಜಿ ಎಂದರೆ ಬರಿಯ ಕೇಡು ಎಂಬ ಅರ್ಥವೇ ನಿಂತಿತು. 1966ರಲ್ಲಿ ಅಮೆರಿಕದಲ್ಲಿ ಇಷಿಜಾಕ ದಂಪತಿಗಳೂ, ಮರುವರ್ಷ ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನ್ನಿಷ್ ಎಂಬವರೂ ಈ ಕೆರಳಿಕೆಗೆ ಕಾರಣವಾದ ಪ್ರತಿಕಾಯವನ್ನು ಹಿಡಿದುಕೊಟ್ಟರು. ಅದಕ್ಕೆ ಐಜಿ-ಇ ಎಂದು ಹೆಸರಾಯಿತು. ಆ ಮೇಲೆ ವೈದ್ಯರ ಬಾಯಲ್ಲಿ ಮಾತಿನ ಅರ್ಥ ಇನ್ನೂ ಕಿರಿದಾಯಿತು. ಜನರ ಬಾಯಲ್ಲಿ ಮಾತ್ರ ಅದು ಹಿಗ್ಗುತ್ತಲೇ ಹೋಯಿತು. ಬೇಡವಾದ ಸೊಪ್ಪು, ಬೇಡವಾದ ನೆಂಟ, ಬೇಡವಾದ ಪಾಠ ಎಲ್ಲವೂ ಅಲರ್ಜಿ! ಇದರಲ್ಲಿ ನಗೆಗಿಂತ ಹೆಚ್ಚಿನದುಂಟು. ಒಮ್ಮೆ ಹಾಲು ಕುಡಿದು ಕಕ್ಕಿತೆಂದು ಅಲರ್ಜಿಯ ಹೆಸರಿಟ್ಟು ಹಾಲು, ಮೊಟ್ಟೆ, ಬೇಳೆಗಳನ್ನು ನಿಲ್ಲಿಸಿದ ಮಗು ಸೊರಗುತ್ತದೆ. ಅತ್ತ, ಬೆಳಗಿನ ಜಾವಕ್ಕೆ ಎದೆಯಲ್ಲಿ ಸಿಳ್ಳು ಕೇಳುವ ಮಗುವಿಗೆ ಬರಿಯ ಶೀತವೆಂದು ಕಷಾಯ ಕುಡಿಸುತ್ತ ವರ್ಷ ಕಳೆಯುತ್ತದೆ. ನಿಜವಾದ ಅಲರ್ಜಿ ಯಾವುದು, ಅಲ್ಲದ್ದು ಯಾವುದು ಎಂದು ಬೇರ್ಪಡಿಸುವುದಕ್ಕೆ ಪಿರ್ಕೆ ಮಾಡಿದ ಕೆಲಸವನ್ನೇ ಮಾಡಬೇಕು: ಯಾವುದನ್ನು ಸೋಕಿದ ಎಷ್ಟು ಹೊತ್ತಿಗೆ ಏನು ಕಂಡಿತು, ಹಿಂದೆಯೂ ಹೀಗೆಯೇ ಆಗಿತ್ತೇ ಎಂದು ಕೇಳಿ ಬರೆದುಕೊಳ್ಳಬೇಕು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಒಕ್ಕಣೆಯ ಕಣದ ಧೂಳೇ? ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆ ಉರಿಯುವ ಹೊಗೆಯೇ? ರೇಷ್ಮೆ ಹುಳುವಿನ ಮನೆಯೇ? ಬೇಲಿಯ ಸಾಲಿನ ಕಾಂಗ್ರೆಸ್ ಗಿಡವೇ? ಈ ಕಡೆಯದು ಪಿರ್ಕೆಯ ಕಾಲಕ್ಕೆ ನಮ್ಮ ನಾಡಿನ ಬೇಲಿಗಳನ್ನು ಹತ್ತಿರಲೇ ಇಲ್ಲ. 1956ರಲ್ಲಿ ಪುಣೆಯ ಬಳಿ ಗುರುತಿಗೆ ಬಂದು, ಮುಂದೆ ಕರ್ನಾಟಕವನ್ನೆಲ್ಲ ವ್ಯಾಪಿಸಿ, ಚರ್ಮವನ್ನೂ ಮೂಗನ್ನೂ ಕೆಣಕುತ್ತಿದೆ. ಬೆಂಗಳೂರಿನ ಮಕ್ಕಳಲ್ಲಿ ಉಬ್ಬಸವನ್ನು ದಶಕಗಳ ಕಾಲ ಲೆಕ್ಕಹಾಕಿದ ಡಾ. ಎಚ್. ಪರಮೇಶ್ ಅವರಿಗೆ 1979ರಲ್ಲಿ ನೂರಕ್ಕೆ 9ರಷ್ಟಿದ್ದದ್ದು 1999ಕ್ಕೆ 29.5ಕ್ಕೆ ಏರಿದುದು ಕಂಡಿತು. ಇನ್ನೊಂದು ಸಂಗತಿ ಪಿರ್ಕೆಗೆ ತಿಳಿದಿದ್ದರೆ ಬಹು ಸಂತೋಷಪಡುತ್ತಿದ್ದನು. 2015ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಪ್ರಯೋಗದಲ್ಲಿ, ಅಪಾಯದ ಅಂಚಿನಲ್ಲಿದ್ದ 640 ಶಿಶುಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿಗೆ ಮೊದಲ ವರ್ಷದಿಂದಲೇ ಕಡಲೇಕಾಯಿಯ ತಿನಿಸನ್ನು ರೂಢಿಮಾಡಿಸಿದರು, ಇನ್ನೊಂದಕ್ಕೆ ದೂರವಿಟ್ಟರು. ಕಡಲೇಕಾಯಿ ಅಲರ್ಜಿ ಹೆಚ್ಚಾಗಿ ಕಂಡದ್ದು ದೂರವಿಟ್ಟವರಲ್ಲಿ. ಮೊದಲ ಭೇಟಿ ಮೈಯನ್ನು ಬದಲಿಸುತ್ತದೆ ಎಂಬ ಹಳೆಯ ಮಾತು ನಿಜ. ಆ ಬದಲಾವಣೆ ಸ್ನೇಹದ ಕಡೆಗೂ ಆಗಬಹುದು. ಆದರೆ ಈಗಾಗಲೇ ಕೆರಳುವ ಮಗುವಿನ ಮೇಲೆ ಮನೆಯಲ್ಲಿ ಇಂಥ ಪ್ರಯೋಗ ಸಲ್ಲದು. ಮುಖ ಬಾತು, ಉಸಿರು ಕಟ್ಟಿ, ಮಗು ಕುಸಿಯುವ ತೀವ್ರ ಕೆರಳಿಕೆಗೆ ತಡಮಾಡದೆ ತೊಡೆಗೆ ಅಡ್ರಿನಲಿನ್ ಚುಚ್ಚುವುದೇ ಮದ್ದು. ಅಲ್ಲಿ ಕಂಬಳಿಗೆ ಕೆಲಸವಿಲ್ಲ.

ಮತ್ತೆ ವಿಯೆನ್ನಕ್ಕೆ ಹೋಗೋಣ. ಅಲರ್ಜಿ ಎಂಬ ಯೋಚನೆಯಿಂದ ಒಂದೇ ವರ್ಷದಲ್ಲಿ ಪಿರ್ಕೆ ಒಂದು ಉಪಕರಣವನ್ನು ಹೊರತೆಗೆದನು. ರಾಬರ್ಟ್ ಕೋಖ್ 1890ರಲ್ಲಿ ಟ್ಯೂಬರ್ಕ್ಯುಲಿನ್ ಎಂಬ ದ್ರವವನ್ನು ಕ್ಷಯದ ಮದ್ದೆಂದು ಸಾರಿ ನಗೆಗೀಡಾಗಿದ್ದನು. ಮದ್ದಾಗದ ಆ ದ್ರವವನ್ನು ಪಿರ್ಕೆ ಪ್ರಶ್ನೆಯಾಗಿ ಬಳಸಿದನು. ಮಗುವಿನ ಮುಂಗೈಯ ಒಳಭಾಗದಲ್ಲಿ ಎರಡು ಹನಿ ಇಟ್ಟು, ದಾಕು ಹಾಕುವಂಥ ಸಣ್ಣ ಮೊನೆಯಿಂದ ಚರ್ಮವನ್ನು ತುಸು ಕೆರೆಯುವುದು. ಎರಡರ ನಡುವೆ ಹನಿ ಇಲ್ಲದ ಬರಿಯ ಕೆರೆತ ಒಂದು, ಹೋಲಿಕೆಗೆ. ಎರಡು ದಿನ ಕಳೆದು ನೋಡಿದರೆ, ಕ್ಷಯದ ಪರಿಚಯವಿದ್ದ ಮೈಯಾದರೆ ಹನಿಯಿದ್ದೆಡೆ ಕೆಂಪಾಗಿ ಉಬ್ಬಿರುತ್ತದೆ. ಜ್ವರವಿಲ್ಲ, ನೋವಿಲ್ಲ. 1907ರಲ್ಲಿ ಬರ್ಲಿನ್ನಿನ ವೈದ್ಯರ ಮುಂದೆ ಇದನ್ನು ವಿವರಿಸಿದ ಮೇಲೆ ಪಿರ್ಕೆಯ ಹೆಸರು ಲೋಕವನ್ನೆಲ್ಲ ಸುತ್ತಿತು. ಮರುವರ್ಷ ಫ್ರಾನ್ಸಿನ ಮಾಂತೂ ಇದನ್ನು ಚರ್ಮದೊಳಕ್ಕೆ ಚುಚ್ಚುವ ಪರೀಕ್ಷೆಯಾಗಿ ತಿದ್ದಿದನು. ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ನಡೆಯುವುದು ಅದು. ತಂದೆಯನ್ನು ಮರೆತು ಮಗನ ಹೆಸರಿನಿಂದ ಮನೆಯನ್ನು ಕರೆದಂತೆ.

ಈ ಪರೀಕ್ಷೆ ಕಾಣಿಸಿದ ನೋಟ ಭೀಕರವಾಗಿತ್ತು. ನೋಡಲು ಆರೋಗ್ಯವಾಗಿದ್ದ ಮಕ್ಕಳಲ್ಲಿಯೂ ಕ್ಷಯ ಮಲಗಿತ್ತು. ವಯಸ್ಸು ಏರಿದಂತೆ ಸಂಖ್ಯೆ ಏರುತ್ತ, ವಿಯೆನ್ನದ ಬಡಮಕ್ಕಳು ಹದಿಹರೆಯ ಮುಟ್ಟುವ ಹೊತ್ತಿಗೆ ಬಹುಮಟ್ಟಿಗೆ ಎಲ್ಲರಲ್ಲಿಯೂ ಅದರ ಗುರುತು ಕಂಡಿತು. ಹೀಗೆ ಮಲಗಿರುವ ಕ್ಷಯಕ್ಕೆ ಸುಪ್ತ ಕ್ಷಯವೆಂಬ ಹೆಸರನ್ನು ಕೊಟ್ಟವನೂ ಇವನೇ. ದಡಾರ ಬಂದ ವಾರದಲ್ಲಿ ಆ ಮಗುವಿನ ತೋಳು ಟ್ಯೂಬರ್ಕ್ಯುಲಿನ್‌ಗೆ ಉತ್ತರವನ್ನೇ ಕೊಡುವುದಿಲ್ಲವೆಂಬುದನ್ನೂ 1908ರಲ್ಲಿ ಗಮನಿಸಿದನು. ಅಮ್ಮ ಬಂದು ಹೋದ ಮೇಲೆ ಮಗುವನ್ನು ಬಹಳ ಜೋಪಾನ ಮಾಡಬೇಕೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದಕ್ಕೆ ಇಲ್ಲಿ ಒಂದು ಕಾರಣ ಸಿಗುತ್ತದೆ.

ಕೀರ್ತಿ ಬಂದ ಮೇಲೆ ಕರೆಗಳೂ ಬಂದುವು. 1909ರಲ್ಲಿ ಅಮೆರಿಕದ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯ ಅವನನ್ನು ತನ್ನ ಮಕ್ಕಳ ವೈದ್ಯದ ಮೊದಲ ಪ್ರಾಧ್ಯಾಪಕನನ್ನಾಗಿ ಕರೆಸಿಕೊಂಡಿತು. ಅಲ್ಲಿ ಒಂದು ವರ್ಷ, ಆಮೇಲೆ ಬ್ರೆಸ್ಲೌ ನಗರದಲ್ಲಿ ಅಷ್ಟೇ ಕಾಲ. 1911ರಲ್ಲಿ ಎಷರಿಷ್ ತೀರಿಕೊಂಡಾಗ ಗುರುವಿನ ಪೀಠ 37 ವರ್ಷದ ಶಿಷ್ಯನಿಗೆ ಬಂದಿತು. ಜೊತೆಗೆ ವಿಯೆನ್ನದ ಹೊಸ ಮಕ್ಕಳ ಚಿಕಿತ್ಸಾಲಯವೂ.

ಮುಂದಿನ 18 ವರ್ಷ ಪಿರ್ಕೆ ಅಲ್ಲಿಯೇ ಇದ್ದನು. ಸಂಶೋಧಕನಾಗಿ ಅವನನ್ನು ಹೊಗಳುವವರು ಈ ಅಧ್ಯಾಯವನ್ನು ಬೇಗ ದಾಟಿಬಿಡುತ್ತಾರೆ. ನನಗಾದರೋ ಅವನ ದೊಡ್ಡತನ ಇಲ್ಲಿಯೇ ಕಾಣುತ್ತದೆ. ಮಗು ಎಂದರೆ ಚಿಕ್ಕ ಅಳತೆಯ ದೊಡ್ಡವನಲ್ಲ, ಅದರ ರೋಗದ ದಾರಿಯೇ ಬೇರೆ, ಆದಕಾರಣ ಅದನ್ನು ನೋಡುವ ವೈದ್ಯನಿಗೂ ದಾದಿಗೂ ಬೇರೆಯ ಶಿಕ್ಷಣವೇ ಬೇಕೆಂಬುದನ್ನು ಅವನು ಕಟ್ಟಡದಲ್ಲಿ, ದಿನಚರಿಯಲ್ಲಿ ಸಾಧಿಸಿ ತೋರಿಸಿದನು. ಮಕ್ಕಳ ದಾದಿಯರಿಗಾಗಿ ಶಾಲೆ ನಡೆಸಿದನು. ಕ್ಷಯದ ಮಕ್ಕಳನ್ನು ಮಹಡಿಯ ಮೇಲೆ ಬಯಲು ಗಾಳಿಯಲ್ಲಿ ಮಲಗಿಸಿದನು. 1911ರಲ್ಲಿಯೇ ಎರ್ವಿನ್ ಲಾಟ್ಸರ್ ಎಂಬ ವೈದ್ಯನ ಕೈಯಲ್ಲಿ, ನಡತೆಯಲ್ಲಿ ಕಲಿಕೆಯಲ್ಲಿ ತೊಡಕುಳ್ಳ ಮಕ್ಕಳಿಗೆಂದೇ ಒಂದು ವಿಭಾಗ ತೆರೆಯಿತು. ಮುಂದೆ ಆಸ್ಪರ್ಗರ್ ಎಂಬ ಹೆಸರು ಕೇಳಿಬಂದದ್ದು ಆ ವಿಭಾಗದಿಂದಲೇ. ಪ್ರತಿ ಮಗುವಿನ ಜ್ವರ, ತೂಕ, ಊಟ, ನಿದ್ದೆಗಳನ್ನು ರೇಖೆಗಳಾಗಿ ಒಂದೇ ಹಾಳೆಯಲ್ಲಿ ಬರೆಯುವ ಪದ್ಧತಿಯನ್ನು ಕಿರಿಯ ವೈದ್ಯರಿಗೆ ಕಡ್ಡಾಯ ಮಾಡಿದನು. ಹಾಳೆಯನ್ನು ನೋಡಿದವನಿಗೆ ಮಗುವಿನ ವಾರವೆಲ್ಲ ಒಂದೇ ನೋಟಕ್ಕೆ ಸಿಗಬೇಕು. ದೇಶದೇಶಗಳಿಂದ ವೈದ್ಯರು ಬಂದು ಅಲ್ಲಿ ಕಲಿತು ಹೋದರು.

ನಮ್ಮಲ್ಲಿ ಹೆಂಗಸರು ಮಕ್ಕಳಿಗೆಂದೇ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ತೆರೆದದ್ದು 1935ರಲ್ಲಿ. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ ರೂಪುಗೊಂಡದ್ದು 1963ರಲ್ಲಿ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ ಆದಿಚುಂಚನಗಿರಿ ವೈದ್ಯ ವಿಜ್ಞಾನ ಸಂಸ್ಥೆ ಆರಂಭವಾದದ್ದು 1986ರಲ್ಲಿ. ರಾಗಿ ಹೊಲಗಳ ನಡುವಿನ ಆ ಕಾಲೇಜಿನಲ್ಲಿ ಈಗ ವೈದ್ಯಪದವೀಧರರು ಮಕ್ಕಳ ವೈದ್ಯವನ್ನು ವಿಶೇಷ ವಿಷಯವಾಗಿ ಮೂರು ವರ್ಷ ಓದುತ್ತಾರೆ. ಅಂಥ ವಿದ್ಯಾರ್ಥಿಗೆ ಪುಸ್ತಕ ಕಲಿಸಲಾರದ ಒಂದು ಪಾಠವನ್ನು ಮಗುವನ್ನು ಹೊತ್ತು ಬಂದ ಕೃಷ್ಣರಾಜಪೇಟೆಯ ತಾಯಿ ಕಲಿಸಬಲ್ಲಳು, ಕೇಳುವ ತಾಳ್ಮೆ ಇದ್ದರೆ. ಗೂರಲಿನ ಮಗುವಿಗೆ ಎಳೆದುಕೊಳ್ಳುವ ಮದ್ದನ್ನು ಬರೆದುಕೊಡುವುದು ಒಂದು ನಿಮಿಷದ ಕೆಲಸ. ಒಮ್ಮೆ ಹಿಡಿದರೆ ಬಿಡಿಸಲಾಗದ ಚಟವಾಗುತ್ತದೆಂಬ ತಾಯಿಯ ಭಯವನ್ನು ಬಿಡಿಸುವುದು ಅರ್ಧ ಗಂಟೆಯದು.

ಮಹಾಯುದ್ಧ ಪಿರ್ಕೆಯನ್ನು ಇನ್ನೊಂದು ಕಡೆಗೆ ಎಳೆಯಿತು. 1918ರಲ್ಲಿ ಸಾಮ್ರಾಜ್ಯ ಬಿದ್ದಾಗ ವಿಯೆನ್ನ ಹಸಿದಿತ್ತು. ಮಕ್ಕಳ ಮೂಳೆ ಬಾಗಿತು, ಹೊಟ್ಟೆ ಊದಿತು. ಹರ್ಬರ್ಟ್ ಹೂವರನ ನೇತೃತ್ವದ ಅಮೆರಿಕನ್ ಪರಿಹಾರ ಸಂಸ್ಥೆ 1919ರಲ್ಲಿ ಅಲ್ಲಿಗೆ ಆಹಾರ ತಂದಿತು. ಯಾವ ಮಗುವಿಗೆ ಎಷ್ಟು ಎಂದು ಹಂಚುವ ಹೊಣೆ ಪಿರ್ಕೆಯ ಮೇಲೆ ಬಿತ್ತು. ಅವನು ಅಷ್ಟರಲ್ಲೇ ತನ್ನದೇ ಒಂದು ಆಹಾರಗಣಿತವನ್ನು ಕಟ್ಟಿಕೊಂಡಿದ್ದನು. ಕ್ಯಾಲರಿ ಎಂಬ ಮಾತು ಅಡಿಗೆಯವಳಿಗೆ ಅರ್ಥವಾಗದು. ಹಾಲು ಎಲ್ಲರಿಗೂ ಗೊತ್ತು. ಆದ್ದರಿಂದ ಒಂದು ಗ್ರಾಂ ಹಾಲಿನ ಪೋಷಣೆಯನ್ನೇ ಏಕಮಾನವಾಗಿಟ್ಟು, ಅದಕ್ಕೆ ನೆಮ್ ಎಂದು ಹೆಸರಿಟ್ಟು, ಹಿಟ್ಟು, ಸಕ್ಕರೆ, ಕೊಬ್ಬುಗಳನ್ನೆಲ್ಲ ನೆಮ್‌ಗಳಲ್ಲಿ ಅಳೆದನು. ಮಗು ಹಸಿದಿದೆಯೇ ಎಂದು ತಿಳಿಯಲು ಅದರ ತೂಕವನ್ನು ಹತ್ತರಿಂದ ಗುಣಿಸಿ, ಘನಮೂಲ ತೆಗೆದು, ಕುಳಿತ ಎತ್ತರದಿಂದ ಭಾಗಿಸಬೇಕು. ಬಂದ ಅಂಕಿಗೆ ಪೆಲಿಡಿಸಿ ಎಂದು ಹೆಸರು. ಈ ವಿಚಿತ್ರ ಹೆಸರುಗಳನ್ನು ಕಂಡು ಸಹೋದ್ಯೋಗಿಗಳೇ ನಕ್ಕರು. ಇಂದು ಆ ಪದ್ಧತಿ ಯಾವ ದೇಶದಲ್ಲಿಯೂ ಬಳಕೆಯಲ್ಲಿಲ್ಲ. ಅಳತೆಯ ಮೋಹ ಇಲ್ಲಿ ಅತಿಗೆ ಹೋಯಿತೆಂದೇ ಹೇಳಬೇಕು. ಆದರೆ ಆ ಲೆಕ್ಕದ ಬಲದಿಂದ, ಶಿಫಾರಸಿಗೆ ಎಡೆಗೊಡದೆ, ಲಕ್ಷಗಟ್ಟಲೆ ಮಕ್ಕಳಿಗೆ ದಿನಕ್ಕೊಂದು ಬಿಸಿ ಊಟ ಸಿಕ್ಕಿತೆಂಬುದನ್ನು ನಗುವವರು ಮರೆಯುವಂತಿರಲಿಲ್ಲ. ಶಾಲೆಯ ಮಕ್ಕಳಿಗೆ ಮಧ್ಯಾಹ್ನ ಬಿಸಿಯೂಟ ಬಡಿಸುವ ನಮ್ಮ ನಾಡಿಗೆ ಈ ಕೆಲಸದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ನೊಬೆಲ್ ಪಾರಿತೋಷಕಕ್ಕೆ ಹಲವು ಬಾರಿ ಅವನ ಹೆಸರು ಹೋಯಿತು, ಒಮ್ಮೆಯೂ ಬರಲಿಲ್ಲ. 1913ರಲ್ಲಿ ಅದು ರಿಷೆಗೆ ಸಂದಿತು. 1928ರಲ್ಲಿ ಆಸ್ಟ್ರಿಯ ಗಣರಾಜ್ಯದ ಅಧ್ಯಕ್ಷ ಪದವಿಗೆ ಪಿರ್ಕೆಯ ಹೆಸರು ಕೇಳಿಬಂದಿತು. ಹೊರಗೆ ಇಷ್ಟು ಗೌರವ. ಒಳಗಿನ ಬದುಕು ಬೇರೆ. ಅವನು ಮೆಚ್ಚಿ ಮದುವೆಯಾದ ಮರಿಯಾಳನ್ನು ಮನೆತನದವರು ಒಪ್ಪಿರಲಿಲ್ಲ. ಮಕ್ಕಳಾಗಲಿಲ್ಲ. ಆಕೆ ಬಹುಕಾಲ ಕಾಯಿಲೆಯಿಂದ, ಮನಸ್ಸಿನ ಕುಗ್ಗಿನಿಂದ ನರಳಿದಳು. ಊರ ಮಕ್ಕಳ ನಿದ್ದೆಯನ್ನು ರೇಖೆಯಲ್ಲಿ ಬರೆಯುತ್ತಿದ್ದವನು ಮನೆಗೆ ಬಂದರೆ ಅಲ್ಲಿ ಅಳೆಯಲಾಗದ ದುಃಖವೊಂದು ಕುಳಿತಿರುತ್ತಿತ್ತು. ಅದನ್ನು ಅವನು ಯಾರೊಂದಿಗೂ ಹಂಚಿಕೊಂಡಂತೆ ಕಾಣದು. 1929ರ ಫೆಬ್ರವರಿ 28ರಂದು ಗಂಡಹೆಂಡಿರಿಬ್ಬರೂ ಒಟ್ಟಿಗೆ ತಮ್ಮ ಬದುಕನ್ನು ಮುಗಿಸಿಕೊಂಡರು. ಆಗ ಅವನಿಗೆ 54 ವರ್ಷ.

ಚಿಕಿತ್ಸಾಲಯದ ಪೀಠ 1930ರಲ್ಲಿ ಫ್ರಾಂಟ್ಸ್ ಹಾಂಬುರ್ಗರನಿಗೆ ಹೋಯಿತು. ಅವನೂ ಎಷರಿಷನ ಶಿಷ್ಯನೇ. ಆದರೆ ಮುಂದೆ ನಾಟ್ಸಿ ಪಕ್ಷವನ್ನು ಸೇರಿದನು. ಪಿರ್ಕೆಯ ಕಾಲದಲ್ಲಿ ಆ ಹಾಸಿಗೆಗಳ ನಡುವೆ ಓಡಾಡಿದ ಯೆಹೂದಿ ವೈದ್ಯರು ಸ್ಥಾನ ಕಳೆದುಕೊಂಡು ಚದುರಿಹೋದರು. ಕೆಲವರು ಕಡಲು ದಾಟಿ ಅಮೆರಿಕದ ಆಸ್ಪತ್ರೆಗಳಲ್ಲಿ ಮಕ್ಕಳ ವೈದ್ಯವನ್ನು ಕಲಿಸುತ್ತ ಉಳಿದರು. ಬೇಲಾ ಷಿಕ್ 1923ರಲ್ಲಿಯೇ ನ್ಯೂಯಾರ್ಕಿಗೆ ಹೋಗಿದ್ದನು. ಒಂದು ಮಗುವಿಗೆ ಗಂಟಲುಮಾರಿಯಿಂದ ರಕ್ಷಣೆ ಇದೆಯೇ ಎಂದು ಚರ್ಮದಿಂದಲೇ ಕೇಳಿ ತಿಳಿಯುವ ಷಿಕ್ ಪರೀಕ್ಷೆಯನ್ನು ಅವನು 1913ರಲ್ಲಿ ರೂಪಿಸಿದ್ದನು. ಗೆಳೆಯನ ಹಾದಿಯದೇ ಅದು. ಸೇಂಟ್ ಆನ್ ಆಸ್ಪತ್ರೆಯ ಹಾಸಿಗೆಗಳ ಬಳಿ ಪಿರ್ಕೆಯೊಂದಿಗೆ ದದ್ದುಗಳ ದಿನ ಎಣಿಸಿದ ಆ ಷಿಕ್, ಗೆಳೆಯನು ಹೋದ ಮೇಲೆ 38 ವರ್ಷ ಬಾಳಿ, ಸ್ವೀಡನ್ನಿನವರು ಅಲರ್ಜಿಯ ಪ್ರತಿಕಾಯದ ಸುದ್ದಿಯನ್ನು ಪ್ರಕಟಿಸಿದ 1967ನೆಯ ಇಸವಿಯ ಡಿಸೆಂಬರಿನಲ್ಲಿ ತೀರಿಕೊಂಡನು.